ಮೂರು ವರ್ಷ ಒಂದೇ ಎತ್ತರ

ಮಕ್ಕಳ ಎತ್ತರ ಅಳೆಯುತ್ತ ನನಗೆ ಹದಿನೇಳು ವರ್ಷವಾಯಿತು. ನಾನು ನರ್ಸು. ಶಾಲೆಯಿಂದ ಶಾಲೆಗೆ ಜೀಪಿನಲ್ಲಿ ತಿರುಗುವ ಆರೋಗ್ಯ ತಪಾಸಣೆಯ ತಂಡದಲ್ಲಿದ್ದೇನೆ. ಮೊದಲ ಒಂಬತ್ತು ವರ್ಷ ಭಾಲ್ಕಿ ತಾಲ್ಲೂಕು, ಆಮೇಲೆ ಔರಾದ್. ಮನೆ ಬೀದರಿನ ಚಿದ್ರಿಯಲ್ಲಿ. ಬೆಳಿಗ್ಗೆ ಏಳರ ಬಸ್ಸು ಹಿಡಿದು ಔರಾದಿಗೆ ಹೋಗಬೇಕು, ಅಲ್ಲಿಂದ ಜೀಪಿನಲ್ಲಿ ಹಳ್ಳಿಗೆ. ಸಂಜೆ ತಿರುಗಿ ಬರುವಾಗ ಕಿಟಕಿಯ ಸರಳಿಗೆ ತಲೆ ಆನಿಸಿದರೆ ಸಾಕು, ನಿದ್ದೆ. ಎಷ್ಟೋ ಸಲ ಕಂಡಕ್ಟರೇ ಎಬ್ಬಿಸಿ ಇಳಿಸಿದ್ದಾರೆ.

ತಂಡದಲ್ಲಿ ಮೂವರು. ಡಾಕ್ಟರು ಹಲ್ಲು, ಕಣ್ಣು, ಎದೆ ನೋಡುತ್ತಾರೆ. ಒಬ್ಬರು ಔಷಧಿ ಕೊಡುತ್ತಾರೆ. ತೂಕ ಮತ್ತು ಎತ್ತರ ನನ್ನ ಪಾಲು. ಎತ್ತರ ಅಳೆಯುವುದು ಸುಲಭದ ಕೆಲಸ ಎಂದು ಜನ ತಿಳಿದಿದ್ದಾರೆ. ಮಗುವಿನ ಹಿಮ್ಮಡಿ ಹಲಗೆಗೆ ತಾಗಬೇಕು, ಮೊಣಕಾಲು ಮಡಚಿರಬಾರದು, ಗಲ್ಲ ಮೇಲೆತ್ತಿರಬಾರದು. ಅದನ್ನೆಲ್ಲ ನೋಡಲು ಪ್ರತಿ ಮಗುವಿಗೂ ಒಮ್ಮೆ ಕೂತು ಏಳಬೇಕು. ಒಂದು ಶಾಲೆಯಲ್ಲಿ ನೂರಿಪ್ಪತ್ತು ಮಕ್ಕಳಿದ್ದರೆ ನೂರಿಪ್ಪತ್ತು ಸಲ. ಭಾಲ್ಕಿಯಲ್ಲಿದ್ದಾಗ ಪ್ರತಿ ಮಗುವನ್ನೂ ಎರಡೆರಡು ಸಲ ಅಳೆಯುತ್ತಿದ್ದೆ. ನಮ್ಮ ಮನೆತನದಲ್ಲಿ ಸರಕಾರಿ ಕೆಲಸಕ್ಕೆ ಸೇರಿದ ಮೊದಲ ಹೆಣ್ಣುಮಗಳು ನಾನು. ಶಾಲೆಯ ಮಾಸ್ತರಾಗಿದ್ದ ನಮ್ಮಪ್ಪ, ಮುಂಜಾನೆಯ ಬುದ್ಧವಂದನೆ ಮುಗಿಸಿ, "ಕೆಲಸ ನೋಡಿ ಯಾರೂ ಬೊಟ್ಟು ಮಾಡಬಾರದು ನೋಡವಾ" ಎಂದು ಕಳಿಸಿಕೊಟ್ಟಿದ್ದ. ಔರಾದಿಗೆ ಬರುವ ಹೊತ್ತಿಗೆ ಎರಡು ಸಲ ಹೋಗಿ ಒಂದು ಸಲವಾಗಿತ್ತು. ಮೊಣಕಾಲು ನೋಯತೊಡಗಿದ ಮೇಲೆ ನಿಂತೇ ಅಳೆಯುತ್ತಿದ್ದೆ. ಕೈ ತನ್ನಷ್ಟಕ್ಕೆ ತಾನು ಬರೆಯುತ್ತಿತ್ತು.

ಆ ದಿನ ನಾವು ಹೋಗಿದ್ದು ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡ ಒಂದು ಹಳ್ಳಿಯ ಶಾಲೆಗೆ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಏಳನೇ ಇಯತ್ತೆಯ ಮಕ್ಕಳು ಸಾಲಾಗಿ ನಿಂತಿದ್ದರು. ಅವರ ನಡುವೆ ಒಂದು ಚಿಕ್ಕ ಹುಡುಗಿ. ಸ್ವೆಟರ್ ಹಾಕಿಕೊಂಡಿದ್ದಳು.

"ಏ ಪುಟ್ಟಿ, ನಿನ್ನ ಸಾಲು ಅಲ್ಲದ ನೋಡು, ಎರಡನೇತ್ತದ್ದು. ಅಲ್ಲಿ ಹೋಗಿ ನಿಂದ್ರು," ಎಂದೆ.

ಮಕ್ಕಳು ಗೊಳ್ಳೆಂದು ನಕ್ಕರು. ಆಕೆ ನಿಧಾನಕ್ಕೆ ನಡೆದುಹೋಗಿ ಎರಡನೇ ಇಯತ್ತೆಯ ಮಕ್ಕಳ ಹಿಂದೆ ನಿಂತಳು. ಅವರ ಸಾಲಿಗೆ ಸರಿಯಾಗಿ ಹೊಂದಿಕೊಂಡಳು ಕೂಡ. ಮಾಸ್ತರರು ಓಡಿಬಂದು, "ಇಲ್ರಿ ಸಿಸ್ಟರ್, ಆಕಿ ಏಳನೇತ್ತದಾಕೀನೇ. ಹುಟ್ಟಾ ಗಿಡ್ಡ ಅದಾಳ. ಶಾಣ್ಯಾಕಿ ಇದ್ದಳು, ಈಗೀಗ ಮಂದ ಆಗ್ಯಾಳ. ಕ್ಲಾಸಿನ್ಯಾಗ ಬರೇ ತೂಕಡಸ್ತಾಳ," ಎಂದರು.

ಕರೆದು ಅಳೆದೆ. ನೂರಾ ಹದಿನಾರು ಸೆಂಟಿಮೀಟರು. ನಂಬಿಕೆಯಾಗದೆ ಎಷ್ಟೋ ದಿನಗಳ ಮೇಲೆ ನೆಲಕ್ಕೆ ಕೂತು ಹಿಮ್ಮಡಿ ನೋಡಿದೆ. ನೆಟ್ಟಗೇ ನಿಂತಿದ್ದಳು. ಕಾಲು ಹಿಡಿದರೆ ಆ ಬಿಸಿಲಿನಲ್ಲೂ ತಣ್ಣಗಿತ್ತು. ಚರ್ಮ ಜೋಳದ ರವದಿಯ ಹಾಗೆ, ಒಣಗಿದ ಎಲೆಯ ಹಾಗೆ, ಒರಟು. ಮುಖ ಊದಿಕೊಂಡಿತ್ತು. ರಿಜಿಸ್ಟರಿನಲ್ಲಿ ಹುಟ್ಟಿದ ವರ್ಷ ನೋಡಿದೆ. ನನ್ನ ಮಗಳು ಹುಟ್ಟಿದ ವರ್ಷವೇ. ಹಿಂದಿನ ವಾರವಷ್ಟೇ ನನ್ನ ಮಗಳು ಕನ್ನಡಿ ಮುಂದೆ ಪಕ್ಕದಲ್ಲಿ ನಿಂತು, ನನ್ನ ಕಿವಿಯವರೆಗೆ ಬಂದಿದ್ದೇನೆ ಎಂದು ಕುಣಿದಿದ್ದಳು.

ಹಿಂದಿನ ವರ್ಷಗಳ ರಿಜಿಸ್ಟರುಗಳು ಬೇರೆ ಯಾವುದೋ ವರದಿಗೆಂದು ಆ ದಿನ ಜೀಪಿನಲ್ಲಿದ್ದವು. ಹೋಗಿ ತೆಗೆದು ನೋಡಿದೆ. ಹೋದ ವರ್ಷ ನೂರಾ ಹದಿನಾರು. ಅದರ ಹಿಂದಿನ ವರ್ಷ ನೂರಾ ಹದಿನೈದೂವರೆ. ಅದರ ಹಿಂದೆ ನೂರಾ ಹದಿನೈದು. ಪಕ್ಕದ ಅಂಕಣದಲ್ಲಿ ಮೂರೂ ಕಡೆ 'ಸರಿ' ಎಂದು ಬರೆದಿತ್ತು. ಮೂರೂ ನನ್ನ ಅಕ್ಷರ.

ಪ್ರತಿ ವರ್ಷ ಹೊಸ ರಿಜಿಸ್ಟರು. ಒಂದು ವರ್ಷದ ಅಂಕಿಯನ್ನು ಇನ್ನೊಂದರ ಪಕ್ಕಕ್ಕಿಟ್ಟು ನೋಡಬೇಕೆಂದು ನನಗೆ ಹೊಳೆದಿರಲಿಲ್ಲ. ಗಿಡ್ಡ ಮಕ್ಕಳು ಎಲ್ಲ ಶಾಲೆಯಲ್ಲೂ ಇರುತ್ತಾರೆ. ಗಿಡ್ಡ ಇರುವುದು ಬೇರೆ, ಬೆಳೆಯುವುದೇ ನಿಂತಿರುವುದು ಬೇರೆ. ನರ್ಸಿಂಗ್ ಓದುವಾಗ ಕಲಿತ ಮಾತು ಅದು. ಜೀಪಿನ ಹಿಂದಿನ ಸೀಟಿನಲ್ಲಿ ಕೂತು ನೀರು ಕುಡಿದೆ. ಆಮೇಲೆ ಹಳೆಯ ರಿಜಿಸ್ಟರುಗಳನ್ನು ಮುಚ್ಚಿ, ಸೀಟಿನ ಕೆಳಗೆ ಇಟ್ಟು, ಆ ದಿನದ ಅಂಕಿಯನ್ನಷ್ಟೇ ಡಾಕ್ಟರಿಗೆ ಹೇಳಿದೆ.

ಡಾಕ್ಟರು ಹುಡುಗಿಯ ಕೊರಳು ಮುಟ್ಟಿ ನೋಡಿದರು, ನಾಲಿಗೆ ನೋಡಿದರು. "ಥೈರಾಯ್ಡ್ ಇದ್ರೂ ಇರಬಹುದು. ಬೀದರಿನ ದೊಡ್ಡ ದವಾಖಾನಿಗಿ ಚೀಟಿ ಬರೀರಿ," ಎಂದರು. ನಾವು ಬರೆಯುವ ಚೀಟಿಗಳು ಹೆಚ್ಚಾಗಿ ಮನೆಯ ಗೂಡಿನಲ್ಲೇ ಉಳಿಯುತ್ತವೆ. ಹಾಗಾಗಿ ಊಟದ ಬಿಡುವಿನಲ್ಲಿ ಆ ಹುಡುಗಿಯ ಜೊತೆ ನಾನೇ ಅವರ ಮನೆಗೆ ನಡೆದೆ. ಹತ್ತು ಹೆಜ್ಜೆಗೊಮ್ಮೆ ಆಕೆ ನಿಲ್ಲುತ್ತಿದ್ದಳು. ಅವಸರ ಮಾಡದೆ ನಾನೂ ನಿಂತೆ.

ಕುರಿ ಸಾಕುವ ಮನೆತನ. ಅಪ್ಪ ಹಿಂಡಿನ ಜೊತೆ ಹೋಗಿದ್ದ. ಅಜ್ಜಿ ಹೊಸ್ತಿಲಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದಳು. ತಾಯಿ ನನಗಿಂತ ಚಿಕ್ಕವಳು, ಮುಖದಲ್ಲಿ ನನಗಿಂತ ಹೆಚ್ಚು ದಣಿವು.

"ದೇವರು ಕೊಟ್ಟಷ್ಟು ಉದ್ದ ಯವ್ವಾ. ಅದಕ್ಕೆಲ್ಲಾ ದವಾಖಾನಿ ಯಾಕ?" ಎಂದಳು ಅಜ್ಜಿ.

"ಉದ್ದ ಅಷ್ಟೇ ಅಲ್ಲಮ್ಮಾ. ಈಕಿಗಿ ಥಂಡಿ ಭಾಳ ಹತ್ತತದಲಾ? ನಿದ್ದಿ? ಹೊರಕಡಿಗಿ ಸರಿ ಹೋಗ್ತಾಳೇನು?"

ತಾಯಿ ನನ್ನ ಮುಖ ನೋಡಿದಳು. "ನಾಕು ದಿನಕ್ಕೊಮ್ಮೆ ಹೋಗ್ತಾಳ್ರಿ. ನಿಮಗ ಹ್ಯಾಂಗ ಗೊತ್ತು? ಮಕ್ಕೊಂಡ್ರ ಎಬ್ಬಸೂದೇ ಕಠಿಣ ಅದ. ಈಕಿ ಓರಗಿ ಪೋರಿಗೋಳು ಎಲ್ಲಾ ದೊಡ್ಡವ್ರಾಗ್ಯಾರ. ಈಕಿದೇನೂ ಇಲ್ಲ. ಯಾರಿಗಿ ಕೇಳಬೇಕು ನಾ?"

ಚೀಟಿ ಕೊಟ್ಟು, ನನ್ನ ಫೋನ್ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದು ಬಂದೆ. ಅವರು ಬರಲಿಲ್ಲ. ನಾನು ಫೋನು ಮಾಡಿದೆ, ಬರುತ್ತೇವೆಂದರು, ಬರಲಿಲ್ಲ. ಮೂರನೇ ಸಲ ಫೋನು ಮಾಡಿದಾಗ ಆ ತಾಯಿ ಪಿಸುಮಾತಿನಲ್ಲಿ, "ಅತ್ತಿ ಬ್ಯಾಡ ಅಂತಾಳ್ರಿ. ನಾ ಸಂತಿಗಿ ಹೋಗ್ತೇನಂತ ಹೇಳಿ ಬರ್ತೇನಿ," ಎಂದಳು.

ಹಾಗೆ ಸಂತೆಯ ದಿನ, ಕೈಚೀಲ ಹಿಡಿದುಕೊಂಡು, ತಾಯಿ ಮಗಳು ಬೀದರಿಗೆ ಬಂದರು. ನಾನು ರಜೆ ಹಾಕಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ.

ಮಕ್ಕಳ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ನಾನು ಇಷ್ಟು ವರ್ಷ ಅವಸರದಲ್ಲಿ ಮಾಡಿದ ಕೆಲಸವನ್ನು ಆಕೆ ಎಷ್ಟು ನಿಧಾನವಾಗಿ ಮಾಡಿದರೆಂದರೆ, ನೋಡುತ್ತ ನನಗೆ ನಾಚಿಕೆಯಾಯಿತು. ನಿಲ್ಲಿಸಿ ಅಳೆದರು, ಮೂರು ಸಲ. ಕೂಡಿಸಿ ಅಳೆದರು. ಎರಡೂ ಕೈ ಚಾಚಿಸಿ ಬೆರಳ ತುದಿಯಿಂದ ತುದಿಗೆ ಅಳೆದರು. ತಾಯಿಯ ಎತ್ತರ ತೆಗೆದುಕೊಂಡರು, ತಂದೆಯ ಎತ್ತರ ಕೇಳಿದರು. ತಾಯಿ ಎದ್ದು ನಿಂತು, ತನ್ನ ತಲೆಯಿಂದ ಒಂದು ಗೇಣು ಮೇಲೆ ಕೈ ಹಿಡಿದು ತೋರಿಸಿದಳು. ಹುಡುಗಿಯನ್ನು ಕುರ್ಚಿಯ ಮೇಲೆ ಮೊಣಕಾಲೂರಿ ಕೂಡಿಸಿ ಹಿಮ್ಮಡಿಯ ನರಕ್ಕೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಪಾದ ಟಪ್ಪೆಂದು ಒದ್ದಿತು. ತಿರುಗಿ ತನ್ನ ಜಾಗಕ್ಕೆ ಬರುವಾಗ ಮಾತ್ರ, ಬರಲೋ ಬೇಡವೋ ಎನ್ನುವ ಹಾಗೆ, ಮೆಲ್ಲಗೆ ಬಂತು. "ನೋಡಿದ್ರಾ ಸಿಸ್ಟರ್? ಥೈರಾಯ್ಡ್ ಕಡಿಮಿ ಇದ್ರ ಪಾದ ಹಿಂಗೇ ತಡದು ಬರ್ತದ," ಎಂದರು ಡಾಕ್ಟರು. ನೋಡಿದೆ.

ಆಮೇಲೆ ಪರದೆ ಎಳೆದು, ಹುಡುಗಿಯ ಎದುರು ಸ್ಟೂಲಿನ ಮೇಲೆ ಕೂತು ಆಕೆಗೇ ಹೇಳಿದರು: "ನಿನ್ನ ಮೈ ದೊಡ್ಡದಾಗ್ಲಿಕ್ಕೆ ಸುರು ಮಾಡ್ಯಾದೋ ಇಲ್ಲೋ ನೋಡಬೇಕವಾ. ಅವ್ವ ಬಾಜೂಕೇ ಇರ್ತಾರ. ಬ್ಯಾಡ ಅಂದ್ರ ಇವತ್ತ ಬ್ಯಾಡ."

ಹುಡುಗಿ ತಾಯಿಯನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಗೊಗ್ಗರು ದನಿಯಲ್ಲಿ ಡಾಕ್ಟರನ್ನೇ ಕೇಳಿದಳು: "ನೋಡಿದ್ರ, ನಾ ದೊಡ್ಡಾಕಿ ಆಗ್ತೇನೋ ಇಲ್ಲೋ ಹೇಳ್ತೀರೇನ್ರಿ?"

"ಹೇಳ್ತೇನಿ."

ಆಕೆ ತಾನೇ ಸ್ವೆಟರಿನ ಗುಂಡಿ ಬಿಚ್ಚಿದಳು. ನಾನು ಪರದೆಯ ಈಚೆ ಬಂದು ನಿಂತೆ.

ಎಡಗೈಯ ಎಕ್ಸ್‌ರೇ ತೆಗೆಸಿದೆವು, ರಕ್ತ ಕೊಟ್ಟೆವು. ಮೂರನೇ ದಿನ ವರದಿ ಬಂತು; ಮುಂದಿನ ಸಂತೆಯ ದಿನ ತಾಯಿ ಮಗಳು ಮತ್ತೆ ಬಂದರು. ಥೈರಾಯ್ಡ್ ಗ್ರಂಥಿ ಹೆಚ್ಚೂಕಡಿಮೆ ಕೆಲಸವನ್ನೇ ನಿಲ್ಲಿಸಿತ್ತು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಡಾಕ್ಟರು ತಾಯಿಗೆ ತೋರಿಸಿದರು: "ಹದಿಮೂರು ವರ್ಷದಾಕಿ ಇದ್ರೂ ಎಲುಬು ಇನ್ನೂ ಏಳು ವರ್ಷದ್ದೇ ಅದಾವ. ಅಲ್ಲೇ ನಿಂತಾವ. ಒಂದು ಗುಳಿಗಿ, ದಿನಾ ಮುಂಜಾನಿ, ಖಾಲಿ ಹೊಟ್ಟಿಲೆ. ಚಹಾ ಕುಡಿಯೂಕಿಂತ ಮೊದಲ. ಜೀವ ಇರೂತನಕ ಬಿಡಂಗಿಲ್ಲ."

"ಅಷ್ಟೇ ಏನ್ರಿ?" ಎಂದಳು ತಾಯಿ. ಒಂದು ತೊಗರಿ ಬೇಳೆಯಷ್ಟು ಸಣ್ಣ ಗುಳಿಗೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು. ಅವಳಿಗೆ ಸಂತೋಷವಾಗಲಿಲ್ಲ, ಸಿಟ್ಟು ಬಂದ ಹಾಗೆ ಕಂಡಿತು.

ಹೊರಗೆ ಬಂದಾಗ ಡಾಕ್ಟರು ನನ್ನನ್ನು ಮಾತ್ರ ಕರೆದು ಕೇಳಿದರು: "ಸಾಲಿ ದಾಖಲೆಯೊಳಗ ಹಳೇ ಎತ್ತರ ಏನಾರ ಸಿಗ್ತದೇನು ಸಿಸ್ಟರ್? ಯಾವಾಗಿಂದ ನಿಂತದ ಅಂತ ತಿಳೀತಿತ್ತು."

"ನೋಡ್ತೇನ್ರಿ," ಎಂದೆ. ಮೂರೂ ಅಂಕಿ ನನ್ನ ನಾಲಿಗೆಯ ತುದಿಯಲ್ಲೇ ಇದ್ದವು.

ಗುಳಿಗೆ ಶುರುವಾದ ಮೇಲೆ ಹುಡುಗಿ ಬದಲಾದಳು. ಮೊದಲು ಮುಖದ ಬಾವು ಇಳಿಯಿತು. ಎರಡನೇ ತಿಂಗಳಿಗೆ ಸ್ವೆಟರ್ ಹೋಯಿತು. ಮಾಸ್ತರರ ಫೋನು: "ಸಿಸ್ಟರ್, ಏನ್ ಗುಳಿಗಿ ಕೊಟ್ಟೀರಿ? ಒಂದು ಕಡಿ ಕೂಡವಲ್ಲಳು. ಮೊದಲ ನಿದ್ದಿ ಮಾಡ್ತಿದ್ದಳು, ಈಗ ಬಾಯಿಗಿ ಹತ್ತಲತಾಳ." ತಾಯಿಯದೂ ಅದೇ ದೂರು. ಗಪ್ಪಾಗಿ ಮೂಲೆಯಲ್ಲಿ ಕೂಡುತ್ತಿದ್ದ ಮಗಳು ಈಗ ಅಜ್ಜಿಗೆ ಎದುರು ಮಾತಾಡುತ್ತಾಳೆ, ರೊಟ್ಟಿ ಸಾಲದು ಎನ್ನುತ್ತಾಳೆ. ಹಾಗೆ ಆಗುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರು. ನಾನು ಇಬ್ಬರಿಗೂ ಅದನ್ನೇ ಹೇಳಿ ಹೇಳಿ ಸಾಕಾದೆ.

ದೀಪಾವಳಿಯ ನಂತರ ಫೋನು ನಿಂತಿತು. ರಕ್ತ ತಪಾಸಣೆಯ ದಿನ ಬೀದರಿಗೆ ಯಾರೂ ಬರಲಿಲ್ಲ. ಮಾಸ್ತರರನ್ನು ಕೇಳಿದರೆ, ಮನೆಯವರೆಲ್ಲ ಹಿಂಡಿನ ಜೊತೆ ಭಾಲ್ಕಿ ಕಡೆ ಹೋಗಿದ್ದಾರೆ, ಹುಡುಗಿಯನ್ನೂ ಕರೆದುಕೊಂಡು ಹೋಗಿದ್ದಾರೆ ಎಂದರು. ಭಾನುವಾರ ನಾನು ಗುಳಿಗೆ ಕಟ್ಟಿಕೊಂಡು ಭಾಲ್ಕಿಯ ಬಸ್ಸು ಹತ್ತಿದೆ. ವಾರಕ್ಕೆ ಒಂದೇ ದಿನ ಸಿಗುವ ಬಿಡುವು. ಒಗೆಯುವ ಬಟ್ಟೆ ಬಕೆಟ್ಟಿನಲ್ಲೇ ಬಿಟ್ಟು ಬಂದಿದ್ದೆ. ಮೂರು ಕಡೆ ಕೇಳಿ, ಊರಾಚೆಯ ಕಬ್ಬಿನ ಗದ್ದೆಗಳನ್ನು ದಾಟಿ ನಡೆದ ಮೇಲೆ, ಒಂದು ಖಾಲಿ ಹೊಲದಲ್ಲಿ ಅವರ ಹಿಂಡು ಕಂಡಿತು. ಗೊಬ್ಬರವಾಗಲಿ ಎಂದು ಆ ಹೊಲದವರು ಕುರಿ ನಿಲ್ಲಿಸಿಕೊಂಡಿದ್ದರು.

ಅಲ್ಲಿ ಮೊದಲ ಬಾರಿಗೆ ಹುಡುಗಿಯ ಅಪ್ಪನನ್ನು ನೋಡಿದೆ. ಎತ್ತರದ ಆಳು. ಹೆಗಲ ಮೇಲೆ ಕಂಬಳಿ. ತಾಯಿ ನನ್ನನ್ನು ಕಂಡು ಗಾಬರಿಯಾದಳು.

"ಗುಳಿಗಿ ಬಂದ್ ಮಾಡೀವ್ರಿ," ಎಂದಳು, ನಾನು ಕೇಳುವ ಮೊದಲೇ. "ಕೂದಲಾ ಮುಷ್ಟಿ ಮುಷ್ಟಿ ಉದರಲತಿದ್ದು. ಬೋಳಿ ಆದ್ರ ಈಕಿನ್ನ ಯಾರು ಮಾಡ್ಕೋತಾರ್ರಿ?"

"ಹಳೇ ಕೂದಲಾ ಉದರಿ ಹೊಸಾವು ಬರ್ತಾವ. ನನಗ ಒಂದು ಫೋನ್ ಮಾಡಬೇಕಿತ್ತಿಲ್ಲ?" ಎಂದೆ. ದನಿ ಏರಿತು. ದಣಿವೋ ಸಿಟ್ಟೋ ನನಗೇ ತಿಳಿಯಲಿಲ್ಲ. ಹುಡುಗಿ ಒಂದು ಮರಿಯನ್ನು ಕಾಲ ನಡುವೆ ಹಿಡಿದುಕೊಂಡು ನಮ್ಮ ಮಾತು ಕೇಳುತ್ತ ನಿಂತಿದ್ದಳು.

ಅಪ್ಪ ಚಹಾ ತರಿಸಿದ. ಕಂಬಳಿ ಹಾಸಿದ. ಆಮೇಲೆ ಕೇಳಿದ: "ಸಿಸ್ಟರ್ ಬಾಯಿ, ಈ ಬ್ಯಾನಿ ಯಾವಾಗ ಸುರು ಆಗಿದ್ದೀತು?"

ತಿಳಿಯದು ಎನ್ನಬಹುದಿತ್ತು. ಡಾಕ್ಟರಿಗೆ 'ನೋಡ್ತೇನೆ' ಎಂದು ಹೇಳಿ ತಿಂಗಳುಗಳಾಗಿದ್ದವು. ಯಾಕೋ ಆ ದಿನ ಸುಳ್ಳು ಹೇಳಲು ಮೈಯಲ್ಲಿ ಕಸುವಿರಲಿಲ್ಲ.

"ಮೂರು ವರ್ಷದ ಹಿಂದೇ ನಿಂತಿತ್ತು," ಎಂದೆ. "ಪ್ರತಿ ವರ್ಷ ನಾನೇ ಅಳದೇನಿ. ಸರಿ ಅದ ಅಂತ ನಾನೇ ಬರದೇನಿ. ಹಿಂದಿನ ವರ್ಷದ್ದು ತೆಗದು ನೋಡ್ಲಿಲ್ಲ. ನನ್ನ ತಪ್ಪದ."

ಅವನು ಚಹಾದ ಬಟ್ಟಲನ್ನು ನೆಲಕ್ಕಿಟ್ಟ. "ಮೂರು ವರ್ಷ ನೀವೇ ಅಳದೀರಿ?"

"ಹೌದ್ರಿ."

"ಏನ್ ಅಳದೀರಿ ಮತ್ತ? ನನ್ನ ಹಿಂಡಿನ್ಯಾಗ ನೂರಾ ಮೂವತ್ತು ಕುರಿ ಅದಾವ. ಒಂದು ಮರಿ ಒಂದು ತಿಂಗಳು ಬೆಳೀಲಿಲ್ಲಂದ್ರ ನನಗ ತಿಳೀತದ. ನಾ ಒಂದು ಅಕ್ಷರ ಕಲ್ತಿಲ್ಲ."

ಮಾತಾಡಿದ್ದು ತಾಯಿ. "ಮರಿ ನೋಡ್ತಿ. ಮಗಳನ್ನ ಎಂದ್ ನೋಡಿದಿ? ವರ್ಷದಾಗ ಎಷ್ಟ ದಿನ ಮನ್ಯಾಗ ಇದ್ದಿ? ಈ ಬಾಯಿ ತಪ್ಪು ಮಾಡ್ಯಾಳ, ಖರೆ. ಬಂದು ಹೇಳಲತಾಳ. ನಿನ್ನ ತಪ್ಪು, ನನ್ನ ತಪ್ಪು, ನಾವ್ ಯಾರಿಗಿ ಹೇಳೂಣು?"

ಅವನು ಎದ್ದು ಹಿಂಡಿನ ಆಚೆ ಬದಿಗೆ ಹೋಗಿಬಿಟ್ಟ. ಆಗ ಹುಡುಗಿ ಹತ್ತಿರ ಬಂದು ಕೇಳಿದಳು:

"ಆ ಮೂರು ವರ್ಷದ್ದು ಈಗ ಬರ್ತದೇನ್ರಿ?"

"ಅರ್ಧಮರ್ಧ ಬರ್ತದವಾ. ಎಲ್ಲಾ ಬರಂಗಿಲ್ಲ."

ಆಕೆ ತಲೆಯಾಡಿಸಿದಳು. ಮರಿಯನ್ನು ಕೆಳಗೆ ಬಿಟ್ಟಳು.

ನಾನು ಹೊರಡುವ ಹೊತ್ತಿಗೆ ಅಪ್ಪ ತಿರುಗಿ ಬಂದ. ನನ್ನ ಮುಖ ನೋಡದೆ ಕೈ ಚಾಚಿದ. "ಕೊಡ್ರಿ ಗುಳಿಗಿ. ಇನ್ನ ನಾ ನುಂಗಸ್ತೇನಿ. ಕುರಿಗಿ ಔಷಧ ಹಾಕೂದು ನನಗೇನ್ ಹೊಸಾದಲ್ಲ." ಗುಳಿಗೆಯ ಪಟ್ಟಿಗಳನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡ. ಅಲ್ಲಿಂದ ಮುಂದೆ ಎಲ್ಲಿ ಹಿಂಡು ನಿಂತರೂ, ಮಗಳು ಜೊತೆಗಿದ್ದರೆ ತಾನೇ ನುಂಗಿಸಿದ. ಊರಲ್ಲಿ ಬಿಟ್ಟು ಹೋದರೆ ಬೆಳಿಗ್ಗೆ ಆರಕ್ಕೆ ಫೋನು ಮಾಡಿ, "ನುಂಗಿದೇನು?" ಎಂದು ಕೇಳುತ್ತಿದ್ದನಂತೆ. ನನ್ನ ಜೊತೆ ಮಾತ್ರ ಆತ ಮತ್ತೆ ನೆಟ್ಟಗೆ ಮಾತಾಡಲಿಲ್ಲ. ಅದು ಸರಿಯೇ ಅನಿಸಿತು.

ಮರುದಿನ ಹಳೆಯ ಮೂರು ರಿಜಿಸ್ಟರುಗಳ ಹಾಳೆಯ ಫೋಟೋ ತೆಗೆದು ಬೀದರಿನ ಡಾಕ್ಟರಿಗೆ ಕಳಿಸಿದೆ. ನಮ್ಮ ತಂಡದ ಡಾಕ್ಟರಿಗೂ ತೋರಿಸಿದೆ. ಅವರು ಹಾಳೆಯ ಕೆಳಗಿನ ಸಹಿಯ ಮೇಲೆ ಬೆರಳಿಟ್ಟು, "ನಾನೂ ಸಹಿ ಮಾಡೀನಲ್ಲ," ಎಂದರು. ಬೀದರಿನ ಡಾಕ್ಟರು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಆ ಅಂಕಿಗಳನ್ನು ಹುಡುಗಿಯ ಚಾರ್ಟಿನ ಮೇಲೆ ಮೂರು ಚುಕ್ಕೆಗಳಾಗಿ ಇಟ್ಟು, ಗೆರೆ ಎಳೆದು, "ಇದು ಬೇಕಿತ್ತು," ಎಂದರು. ಅಷ್ಟೇ. ಅಡ್ಡಕ್ಕೆ ಮಲಗಿದ ಗೆರೆ.

ಮೊದಲ ವರ್ಷ ಹುಡುಗಿ ಒಂಬತ್ತು ಸೆಂಟಿಮೀಟರು ಬೆಳೆದಳು. ಎರಡನೇ ವರ್ಷ ಏಳು. ಕೂದಲು ದಟ್ಟವಾಗಿ ಬಂತು, ಎರಡು ಜಡೆ ಹಾಕಿಕೊಳ್ಳತೊಡಗಿದಳು. ಹದಿನಾರು ತುಂಬಿದ ಮೇಲೆ ಒಂದು ಮಧ್ಯಾಹ್ನ, ನಾನು ಬೇರೊಂದು ಶಾಲೆಯಲ್ಲಿ ಮಕ್ಕಳ ತೂಕ ಮಾಡುತ್ತಿದ್ದಾಗ, ತಾಯಿಯ ಫೋನು ಬಂತು. ಮಾತೇ ಹೊರಡಲಿಲ್ಲ, ಬರೀ ಅಳು. ಏನೋ ಆಗಬಾರದ್ದು ಆಯಿತೆಂದು ತೂಕ ಬಿಟ್ಟು ಹೊರಗೆ ಬಂದೆ. ಕೊನೆಗೆ, "ದೊಡ್ಡಾಕಿ ಆದಳ್ರಿ. ನಮ್ಮತ್ತಿ ಸಕ್ಕರಿ ಹಂಚಲತಾಳ," ಎಂದಳು. ದವಾಖಾನೆ ಬೇಡವೆಂದಿದ್ದ ಅಜ್ಜಿಯೇ ಓಣಿಯ ತುಂಬ ಸಕ್ಕರೆ ಹಂಚಿ, ಮೊಮ್ಮಗಳನ್ನು ಕೂಡಿಸಿ ಆರತಿ ಮಾಡಿಸಿದಳು. ನನ್ನನ್ನೂ ಕರೆದರು. ಹೋಗಲಾಗಲಿಲ್ಲ, ಆ ದಿನ ಎರಡು ಶಾಲೆ ಇದ್ದವು.

ಮೈ ನೆರೆದ ಮೇಲೆ ಬೆಳವಣಿಗೆ ಬೇಗ ಮುಗಿಯುತ್ತದೆ. ನೂರಾ ಮೂವತ್ತೊಂಬತ್ತಕ್ಕೆ ಆಕೆಯ ಎಲುಬುಗಳು ಕೂಡಿಕೊಂಡವು. ತಾಯಿ ತಂದೆಯ ಎತ್ತರ ನೋಡಿದರೆ ಇನ್ನೂ ಒಂದು ಗೇಣು ಬರಬೇಕಿತ್ತು. ಬೇಗ ಗೊತ್ತಾಗಿದ್ದರೆ ಎಷ್ಟು ಬರುತ್ತಿತ್ತೆಂದು ನಾನು ಡಾಕ್ಟರನ್ನು ಕೇಳಿದೆ. "ಅದನ್ನ ಲೆಕ್ಕ ಹಾಕಿ ಏನ್ ಮಾಡ್ತೀರಿ ಸಿಸ್ಟರ್?" ಎಂದರು. ಆದರೂ ಹೇಳಿದರು. ಆ ಅಂಕಿ ನಾನು ಇಲ್ಲಿ ಬರೆಯುವುದಿಲ್ಲ.

ನಾನು ಈಗಲೂ ಅದೇ ಕೆಲಸದಲ್ಲಿದ್ದೇನೆ. ಶಾಲೆಗೆ ಹೋಗುವ ಹಿಂದಿನ ದಿನ ಹಳೆಯ ಅಂಕಿಗಳನ್ನೆಲ್ಲ ಹೊಸ ರಿಜಿಸ್ಟರಿನ ಅಂಚಿಗೆ ಪೆನ್ಸಿಲಿನಿಂದ ಬರೆದುಕೊಳ್ಳುತ್ತೇನೆ. ದಿನಕ್ಕೆ ನೂರಿಪ್ಪತ್ತು ಮಕ್ಕಳು ಆಗುವುದಿಲ್ಲ, ಎಪ್ಪತ್ತಾಗುತ್ತದೆ. ಮೀಟಿಂಗಿನಲ್ಲಿ ಎದ್ದು ನಿಂತು ಕಾರಣ ಹೇಳಬೇಕಾಗುತ್ತದೆ. ಹೇಳುತ್ತೇನೆ. ಆಮೇಲೆ ಇನ್ನೂ ಇಬ್ಬರು ಸಿಕ್ಕರು. ಒಬ್ಬ ಹುಡುಗ ತೀರಾ ಚಿಕ್ಕ ವಯಸ್ಸಿಗೇ ಮೀಸೆ ಬಂದವನು. ಒಬ್ಬ ಹುಡುಗಿ ಎಲ್ಲ ತಪಾಸಣೆಯ ಮೇಲೂ ಏನೂ ಇಲ್ಲದವಳು, ಸುಮ್ಮನೆ ಗಿಡ್ಡ. ಅವಳ ತಂದೆ ತಾಯಿಗೆ ಅಷ್ಟು ದೂರ ಓಡಾಡಿಸಿದ್ದಕ್ಕೆ ನನ್ನ ಮೇಲೆ ಸಿಟ್ಟು.

ಹೋದ ತಿಂಗಳು ಔರಾದಿನ ಬಸ್ ಸ್ಟ್ಯಾಂಡಿನಲ್ಲಿ ಯಾರೋ "ಸಿಸ್ಟರ್" ಎಂದು ಕರೆದರು. ತಿರುಗಿದರೆ ಆ ಹುಡುಗಿ. ಕಾಲೇಜಿನ ಯೂನಿಫಾರ್ಮು, ಹೆಗಲಿಗೆ ಚೀಲ, ಜೊತೆಗೆ ಇಬ್ಬರು ಗೆಳತಿಯರು. ಅವರ ಭುಜದ ಹತ್ತಿರಕ್ಕೆ ಬರುತ್ತಿದ್ದಳು. ಗುಳಿಗೆ ತಪ್ಪಿಸುತ್ತಿಲ್ಲ ತಾನೇ ಎಂದು ಕೇಳಿದೆ. ಇಲ್ಲ ಎಂದಳು. ಅಪ್ಪ ಈಗಲೂ ಆರಕ್ಕೆ ಫೋನು ಮಾಡುತ್ತಾನಂತೆ. ನನ್ನ ಕಣ್ಣು, ಅಭ್ಯಾಸದಂತೆ, ಆಕೆಯ ನೆತ್ತಿಯಿಂದ ಹಿಮ್ಮಡಿಗೆ ಇಳಿದು ಮತ್ತೆ ಮೇಲೆ ಹೋಯಿತು. ಆಕೆಗೆ ಗೊತ್ತಾಯಿತು.

"ಸಾಕ್ರಿ ಸಿಸ್ಟರ್," ಎಂದಳು, ನಗುತ್ತಲೇ. "ಇನ್ನ ಅಳೀಬ್ಯಾಡ್ರಿ."

ಅವರ ಬಸ್ಸು ಬಂತು. ಗೆಳತಿಯರು ಹತ್ತಿದರು, ಆಕೆಯೂ ಹತ್ತಿದಳು. ನನ್ನ ಬಸ್ಸು ಬರಲು ಇನ್ನೂ ಮುಕ್ಕಾಲು ಗಂಟೆ ಇತ್ತು. ಕಟ್ಟೆಯ ಮೇಲೆ ಕೂತು ಮೊಣಕಾಲು ತಿಕ್ಕಿಕೊಂಡೆ.